ಕೈ ಬಿಡುವಿಲ್ಲ

ನಮ್ಮೂರಿನಲ್ಲಿ ದಿನ ಬೆಳಗಾದರೆ ಡಂಗುರದವನು ಪ್ರತಿ ಮನೆಯ ಮುಂದೆ ನಿಂತು, ಡಂಗುರ ಬಡಿದು, ಒಂದೇ ಪ್ರಶ್ನೆ ಕೇಳುತ್ತಿದ್ದ. ‘ಹಿರಿಯರು ಯಾರು?’ ಮನೆಯವರು ಹೊಸ್ತಿಲಿಗೆ ಬಂದು ಕೈ ಎತ್ತಿ ‘ಮೂಡಣದ ಧಣಿ’ ಅನ್ನಬೇಕು, ಇಲ್ಲವೇ ‘ಪಡುವಣದ ಧಣಿ’ ಅನ್ನಬೇಕು. ಮೂರನೆಯ ಉತ್ತರ ಇರಲಿಲ್ಲ. ನಿನ್ನೆಯೇ ಹೇಳಿದೆನಲ್ಲ ಅಂದರೆ ನಡೆಯುತ್ತಿರಲಿಲ್ಲ. ನಿನ್ನೆಯದು ನಿನ್ನೆಗೆ ಮುಗಿಯಿತು, ಇವತ್ತಿನದು ಇವತ್ತು ಹೇಳು ಅನ್ನುವುದು ಪದ್ಧತಿ.

ಧಣಿಗಳಿಬ್ಬರೂ ಅವಳಿ. ಒಂದೇ ಮುಖ, ಒಂದೇ ಮೀಸೆ, ಒಂದೇ ಸಿಟ್ಟು. ಅವರಪ್ಪ ದೊಡ್ಡ ಧಣಿ, ಗದ್ದಿಗೆ ಹಿರಿಯ ಮಗನಿಗೆ ಎಂದು ಹೇಳಿ ಕಣ್ಣು ಮುಚ್ಚಿದ. ಹಿರಿಯ ಮಗ ಯಾರು ಅಂತ ಹೇಳಲಿಲ್ಲ. ಪಾಪ, ಅವನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಹೆತ್ತವಳು ಹೆತ್ತ ದಿನವೇ ಹೋಗಿದ್ದಳು. ಕಂಡವಳು ಅಂದರೆ ಸೂಲಗಿತ್ತಿ ಒಬ್ಬಳೇ. ಅವಳನ್ನು ಚಾವಡಿಗೆ ಕರೆಸಿ, ಮೊದಲು ಬಂದ ಕೂಸು ಯಾವುದು ಹೇಳವ್ವಾ ಅಂದರು. ಸೂಲಗಿತ್ತಿ ಎಲೆಯಡಿಕೆ ಜಗಿದು ಮುಗಿಸುವ ತನಕ ಯೋಚಿಸಿದಳು.

‘ಒಂದು ಬಂತು, ಹಿಡಿದೆ. ಅದರ ಬೆನ್ನಿಗೇ ಇನ್ನೊಂದು ಬಂತು, ಅದನ್ನೂ ಹಿಡಿದೆ. ಗುರುತು ಮಾಡೋದಕ್ಕೆ ನನಗೆ ಕೈ ಬಿಡುವಿರಲಿಲ್ಲ’ ಅಂದಳು.

ಊರಿನ ಹಿರೀಕರು ತಲೆಗೆ ತಲೆ ಕೊಟ್ಟು ಮಾತಾಡಿ, ಕೈ ಬಿಡುವಿಲ್ಲದವರನ್ನು ಪ್ರಶ್ನೆ ಕೇಳಬಾರದು ಎಂದು ತೀರ್ಮಾನ ಮಾಡಿ ಅವಳನ್ನು ಮನೆಗೆ ಕಳಿಸಿದರು. ಆ ತೀರ್ಮಾನ ಸೂಲಗಿತ್ತಿಯನ್ನು ಪಾರು ಮಾಡಲಿಕ್ಕೆ ಅಂತ ಮಾಡಿದ್ದು, ಆದರೆ ನಮ್ಮೂರಲ್ಲಿ ಒಬ್ಬರಿಗೆ ಮಾಡಿದ ತೀರ್ಮಾನ ಎಲ್ಲರಿಗೂ ಸಲ್ಲುತ್ತದೆ. ಡಂಗುರದವನು ಅದನ್ನೂ ಸಾರಿದ. ಎಲ್ಲರೂ ಕೇಳಿದೆವು, ಕೇಳಿ ಮರೆತೆವು.

ಯಾಕೆ ಮರೆತೆವು ಅಂದರೆ, ಸೂಲಗಿತ್ತಿ ಹೇಳದ್ದನ್ನು ಊರು ಹೇಳಲಿ ಅಂತ ದಿನಾ ಕೇಳುವುದು ಶುರುವಾದ ಮೇಲೆ, ಡಂಗುರದ ಸದ್ದು ಕೇಳಿದ ಕೂಡಲೇ ನಾವು ಕೈ ಒರೆಸಿಕೊಳ್ಳುವವರು. ಹಿಟ್ಟು ನಾದುತ್ತಿದ್ದವಳು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಹಾಲು ಕರೆಯುತ್ತಿದ್ದವನು ಚೊಂಬು ಕೆಳಗಿಟ್ಟು ಪಂಚೆಗೆ ಒರೆಸಿಕೊಳ್ಳುತ್ತಿದ್ದ. ಧಣಿಗಳ ಹೆಸರು ಹೇಳುವಾಗ ಕೈ ಶುದ್ಧವಾಗಿ ಖಾಲಿ ಇರಬೇಕು ಅಂತ ಯಾರೂ ಹೇಳಿರಲಿಲ್ಲ, ನಾವೇ ಅಂದುಕೊಂಡಿದ್ದೆವು. ಮರ್ಯಾದಸ್ಥರ ಊರು ನಮ್ಮದು. ಆ ಮರ್ಯಾದೆಯೇ ನಮ್ಮನ್ನು ತಿಂದುಹಾಕಿತು.

ಮೂಡಣದ ಧಣಿ ಹಿರಿಯ ಅಂದ ಮನೆಗೆ ಮಧ್ಯಾಹ್ನದ ಹೊತ್ತಿಗೆ ಪಡುವಣದ ಕಡೆಯವರು ಬಂದು ಕದ ಕಿತ್ತುಕೊಂಡು ಹೋಗುತ್ತಿದ್ದರು. ಪಡುವಣ ಅಂದರೆ ಮೂಡಣದವರು ಬರುತ್ತಿದ್ದರು. ಕದ ಮುಗಿದ ಮೇಲೆ ಕಿಟಕಿ, ಕಿಟಕಿ ಮುಗಿದ ಮೇಲೆ ಮಂಚ, ಮಣೆ. ಧಣಿಗಳು ವಾಸವಿದ್ದ ಎರಡೂ ವಾಡೆಗಳ ಅಂಗಳದಲ್ಲಿ ಊರಿನ ಕದಗಳೆಲ್ಲ ಒಂದಕ್ಕೊಂದು ಒರಗಿ ನಿಂತಿದ್ದವು. ನಾಯಿಗಳು ಯಾರ ಅಪ್ಪಣೆಯೂ ಇಲ್ಲದೆ ಅಡುಗೆಮನೆಗೆ ಬಂದು ಹೋಗುತ್ತಿದ್ದವು. ಅವುಗಳನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ.

ಕದ ಹೋದರೆ ಹೋಗಲಿ, ಇನ್ನೊಂದು ಮಾಡಿಸಿಕೊಳ್ಳಬಹುದು. ಆದರೆ ನಿದ್ದೆಯೂ ಹೋಯಿತು. ಉಣ್ಣುವಾಗ ಅದೇ ಮಾತು, ಉಗುಳುವಾಗ ಅದೇ ಮಾತು. ಕ್ಷೌರದವನು ಅರ್ಧ ತಲೆ ಬೋಳಿಸಿದ ಮೇಲೆ ಗಿರಾಕಿ ಯಾವ ಕಡೆಯವನು ಅಂತ ತಿಳಿದು, ಕತ್ತಿ ಮಡಿಸಿಟ್ಟು ಎದ್ದುಹೋದ. ಆ ಗಿರಾಕಿ ನಾನೇ. ಕೂದಲು ಸರಿಯಾಗುವ ತನಕ ರುಮಾಲು ಸುತ್ತಿಕೊಂಡು ಓಡಾಡಿದೆ. ದಿನಾ ಎತ್ತಿ ಎತ್ತಿ ಊರವರ ಕೈಗಳು ನಡುಗಲು ಶುರುವಾದವು. ತುತ್ತು ತಟ್ಟೆಯಿಂದ ಬಾಯಿಗೆ ಬರುವುದರೊಳಗೆ ಅರ್ಧ ಚೆಲ್ಲಿಹೋಗುತ್ತಿತ್ತು. ವೈದ್ಯರು ಇದು ವಾತ ಅಂದರು. ಅವರ ಕೈಯೂ ನಡುಗುತ್ತಿತ್ತು, ಕೊಟ್ಟ ಪುಡಿ ಪೊಟ್ಟಣಕ್ಕೆ ಬೀಳಲಿಲ್ಲ.

ನನ್ನ ಮನೆಯ ಎದುರಿಗೆ ಅಕ್ಕ ತಂಗಿ ಇದ್ದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಅಣ್ಣ ತಮ್ಮಂದಿರನ್ನು ಮದುವೆಯಾಗಿ, ಒಂದೇ ಮನೆಗೆ ಬಂದವರು. ಒಬ್ಬಳು ಉಪ್ಪು ಹಾಕಿದರೆ ಇನ್ನೊಬ್ಬಳು ರುಚಿ ನೋಡಬೇಕು, ಹಾಗಿದ್ದರು. ಗಂಡಂದಿರಲ್ಲಿ ಅಣ್ಣ ಮೂಡಣದ ವಾಡೆಯ ಮುಂದೆ ನಿಂತು ಕೂಗುವವನು, ತಮ್ಮ ಪಡುವಣದ ವಾಡೆಯ ಮುಂದೆ. ಹೆಂಗಸರು ಗಂಡಂದಿರು ಹೇಳಿದ ಹೆಸರನ್ನೇ ಹೇಳಿಕೊಂಡು ಬಂದರು. ಒಂದು ಮಧ್ಯಾಹ್ನ ಅಕ್ಕನ ಕಡೆಯ ಕದ ಹೋಯಿತು. ಹೊತ್ತುಕೊಂಡು ಹೋದವರಲ್ಲಿ ತಂಗಿಯ ಗಂಡನೂ ಇದ್ದ. ಮಾರನೆಯ ದಿನ ತಂಗಿಯ ಕಡೆಯ ಕದ ಹೋಯಿತು. ಅದಕ್ಕೆ ಹೆಗಲು ಕೊಟ್ಟವನು ಅಕ್ಕನ ಗಂಡ. ಆಮೇಲೆ ಮನೆಯ ನಡುವೆ ಎದೆಯೆತ್ತರದ ಒಂದು ಗೋಡೆ ಎದ್ದಿತು. ಎರಡೂ ಕಡೆ ಬೇರೆ ಬೇರೆ ಒಲೆ ಉರಿದವು. ಅಕ್ಕ ತಂಗಿ ಮಾತು ಬಿಟ್ಟರು.

ಆಗ ತಂಗಿ ಬಸುರಿ. ಹಿಂದೊಂದು ಸಲ ಅವಳಿಗೆ ಮಗು ಹುಟ್ಟಿ ಉಳಿದಿರಲಿಲ್ಲ. ಈ ಸಲವೂ ಹಾಗಾದರೆ ತಾನು ಬದುಕುವುದಿಲ್ಲ ಎಂದು ಅವಳು ಬಾಯಿಬಿಟ್ಟೇ ಹೇಳುತ್ತಿದ್ದಳು.

ಇಲ್ಲಿ ಕೌದಿಯ ವಿಷಯ ಹೇಳಬೇಕು. ಹಳೆಯ ಸೀರೆಗಳನ್ನು ಪದರ ಪದರ ಹಾಸಿ ದಪ್ಪ ದಾರದಲ್ಲಿ ಹೊಲಿಯುವ ಹೊದಿಕೆ ಎಲ್ಲ ಕಡೆಯೂ ಇರುತ್ತದೆ. ಆದರೆ ನಮ್ಮೂರಲ್ಲಿ ಮಗುವಿನ ಕೌದಿಯನ್ನು ಒಬ್ಬರೇ ಹೊಲಿಯುವಂತಿಲ್ಲ. ಇಬ್ಬರು ಎರಡು ತುದಿಗೆ ಕೂತು, ಒಳಗೊಳಗೆ ಹೊಲಿಯುತ್ತಾ ಬಂದು, ನಡುವೆ ಕೂಡಬೇಕು. ಕೂಡಿದ ಜಾಗದಲ್ಲಿ ಒಂದು ಚೂರು ಹೋಳಿಗೆ ಇಟ್ಟು ಬಾಯಿ ಮುಚ್ಚಬೇಕು, ಕೌದಿಯ ಹೊಟ್ಟೆ ಹಸಿದಿರಬಾರದು ಅಂತ. ಹುಟ್ಟಿದ ಮಗುವನ್ನು ಮೊದಲು ಮಲಗಿಸುವುದು ಅದರಲ್ಲೇ. ಕೂಡದ ಕೌದಿಯಲ್ಲಿ ಮಲಗಿಸಿದ ಮಗು ನಿಲ್ಲುವುದಿಲ್ಲ ಎಂದು ನಮ್ಮ ಹೆಂಗಸರು ನಂಬಿದ್ದರು. ನಾನೂ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ.

ಅಕ್ಕ ತಂಗಿ ತಮ್ಮ ಅವ್ವನ ಸೀರೆಗಳನ್ನು ಹಾಸಿ ಕೌದಿ ಶುರು ಮಾಡಿದ್ದರು. ಅಷ್ಟರಲ್ಲಿ ಕದಗಳು ಹೋದವು. ಕೌದಿ ಎರಡೂ ತುದಿಗೆ ಸೂಜಿ ಚುಚ್ಚಿಸಿಕೊಂಡು ಗೂಟದ ಮೇಲೆ ಹಾಗೇ ಉಳಿಯಿತು. ಗೋಡೆ ಎಬ್ಬಿಸಿದಾಗ ಗೂಟ ತಂಗಿಯ ಪಾಲಿಗೆ ಬಂತು.

ಸೂಲಗಿತ್ತಿ ತಂಗಿಯ ಹೊಟ್ಟೆ ಮುಟ್ಟಿ ನೋಡಲು ಬಂದಳು. ಅವಳಿಗೆ ಈಗ ಬಹಳ ವಯಸ್ಸಾಗಿತ್ತು. ತಂಗಿಯ ಕೈ ನಡುಗುವುದನ್ನು ಕಂಡು, ಮಗು ಒಳಗೆ ಮುಷ್ಟಿ ಬಿಗಿಹಿಡಿದು ಕೂತಿದೆ, ನಿನ್ನ ಕೈ ನಿಲ್ಲುವ ತನಕ ಅದೂ ಸಡಿಲ ಬಿಡುವುದಿಲ್ಲ, ಕೈಗೆ ಏನಾದರೂ ಕೆಲಸ ಕೊಡು ಎಂದು ಹೇಳಿಹೋದಳು. ಔಷಧಿ ಕೊಡಲಿಲ್ಲ. ತಂಗಿ ಅತ್ತು, ಮುಖ ತೊಳೆದುಕೊಂಡು, ಕೌದಿ ಇಳಿಸಿ ತನ್ನ ತುದಿಯಿಂದ ಹೊಲಿಯಲು ಕೂತಳು. ಮೊದಮೊದಲು ಹೊಲಿಗೆ ಇರುವೆ ಸಾಲು ಚದುರಿದ ಹಾಗೆ ಬಿತ್ತು. ಸೂಜಿ ಒಳಗೆ ಹೋಯಿತು, ಹೊರಗೆ ಬಂತು. ಒಳಗೆ ಹೋಯಿತು, ಹೊರಗೆ ಬಂತು. ನೋಡುತ್ತಾ ನೋಡುತ್ತಾ ಸಾಲು ನೆಟ್ಟಗಾಯಿತು.

ಮಾರನೆಯ ಬೆಳಿಗ್ಗೆ ಡಂಗುರ ಕೇಳಿಸಿದಾಗ ಅವಳು ಗಂಟು ಹಾಕುತ್ತಿದ್ದಳು. ಕೈ ಬಿಟ್ಟರೆ ದಾರ ಜಾರುತ್ತದೆ. ಕೈ ಒರೆಸಿಕೊಳ್ಳಲಿಕ್ಕಾಗಲಿಲ್ಲ, ಏಳಲಿಕ್ಕೂ ಆಗಲಿಲ್ಲ. ಡಂಗುರದವನು ಹೊಸ್ತಿಲಲ್ಲಿ ನಿಂತು ಅವಳ ಕೈ ನೋಡಿದ. ಅವನಿಗೆ ಡಂಗುರ ಬಡಿದು ಬಡಿದು ಕಿವಿ ಮಂದ, ತುಟಿ ನೋಡಿ ಮಾತು ತಿಳಿಯುತ್ತಿದ್ದ. ಆದರೆ ತಾನು ಸಾರಿದ್ದು ಒಂದನ್ನೂ ಮರೆತವನಲ್ಲ. ಹಿರೀಕರ ತೀರ್ಮಾನ ನೆನಪಿಸಿಕೊಂಡು, ‘ಕೈ ಬಿಡುವಿಲ್ಲ’ ಎಂದು ತಾನೇ ಕೂಗಿ ಹೇಳಿ ಮುಂದಿನ ಮನೆಗೆ ಹೋದ.

ಆ ಮಧ್ಯಾಹ್ನ ತಂಗಿಯ ಮನೆಗೆ ಯಾರೂ ಬರಲಿಲ್ಲ. ಯಾವ ಹೆಸರನ್ನೂ ಹೇಳಿರಲಿಲ್ಲ, ಯಾವ ಕಡೆಯವರು ಬರಬೇಕು? ಅವಳು ರೊಟ್ಟಿ ಉಂಡಳು, ಚೆಲ್ಲಲಿಲ್ಲ. ಆಮೇಲೆ ಗೋಡೆಗೆ ಒರಗಿ ನಿದ್ದೆ ಹೋದಳು. ಎದುರುಮನೆಯಲ್ಲಿ ಕೂತು ನೋಡುತ್ತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ನಾನು ಯಾವಾಗ ನಿದ್ದೆ ಮಾಡಿದ್ದೆನೋ ನನಗೇ ನೆನಪಿರಲಿಲ್ಲ.

ನಾನು ಮಾರನೆಯ ದಿನ ಹತ್ತಿ ತಂದು ಬತ್ತಿ ಹೊಸೆಯಲು ಕೂತೆ. ನಮ್ಮ ಪಕ್ಕದ ಮನೆಯವನು ನನ್ನನ್ನು ನೋಡಿ ಚಾಪೆ ಹೆಣೆಯತೊಡಗಿದ. ಅವನನ್ನು ನೋಡಿ ಅವನ ಪಕ್ಕದವಳು ಹುಣಸೆಹಣ್ಣಿನ ಬೀಜ ಬಿಡಿಸಿದಳು. ಕೇರಿಯಿಂದ ಕೇರಿಗೆ ಹಬ್ಬಿತು. ಪಂಡಿತರೊಬ್ಬರು ಮೀನುಬಲೆ ಹೆಣೆದರು. ನಮ್ಮೂರಿಗೆ ಹೊಳೆಯೂ ಇಲ್ಲ, ಕೆರೆಯೂ ಇಲ್ಲ, ಅವರು ಮೀನು ತಿನ್ನುವವರೂ ಅಲ್ಲ. ಕೇಳಿದರೆ, ಗಂಟುಗಳು ಚೆನ್ನಾಗಿವೆ ಅಂದರು. ಕ್ಷೌರದವನು ಮರದಲ್ಲಿ ಬಾಚಣಿಗೆ ಕೆತ್ತಿದ. ಒಂದು ದಿನ ಅವನೇ ಬಂದು ನನ್ನನ್ನು ಕೂರಿಸಿ, ತಲೆಯ ಎರಡೂ ಕಡೆ ಸಮ ಮಾಡಿ, ಆ ಬಾಚಣಿಗೆ ಕೊಟ್ಟುಹೋದ. ಯಾವ ಕಡೆ ಅಂತ ಕೇಳಲಿಲ್ಲ.

ಕಳ್ಳರೂ ಇದ್ದರು. ಚಾವಡಿಯ ಹತ್ತಿರದ ದೊಡ್ಡಮನುಷ್ಯ ದಾರವಿಲ್ಲದ ಸೂಜಿ ಹಿಡಿದು ಬಟ್ಟೆಗೆ ಚುಚ್ಚಿ ಚುಚ್ಚಿ ತೆಗೆಯುತ್ತಿದ್ದ. ಡಂಗುರದವನು ಅವನನ್ನೂ ಬಿಟ್ಟುಬಿಟ್ಟ. ಆದರೆ ಆ ಮನುಷ್ಯನ ಕೈ ನಡುಕ ಮಾತ್ರ ನಿಲ್ಲಲಿಲ್ಲ. ಕೊನೆಗೆ ಬೇಸತ್ತು ದಾರ ಪೋಣಿಸಿದ.

ಸಿಟ್ಟು ಹೋಯಿತು ಅಂತಲ್ಲ. ಇಬ್ಬರು ಧಣಿಗಳ ಮೇಲೂ ನಮಗೆ ಹಾಳು ಸಿಟ್ಟಿತ್ತು. ಅದು ಮೊದಲು ಗಂಟಲಲ್ಲಿ ಇತ್ತು, ಈಗ ಬೆರಳಿಗೆ ಇಳಿಯಿತು. ನನ್ನ ಬತ್ತಿಗಳು ಬಹಳ ಬಿಗಿಯಾಗಿ ಬರುತ್ತಿದ್ದವು.

ಅಕ್ಕ ಒಬ್ಬಳು ಮಾತ್ರ ದಿನಾ ಕೈ ಒರೆಸಿಕೊಂಡು ಹೊಸ್ತಿಲಿಗೆ ಬಂದು ‘ಮೂಡಣದ ಧಣಿ’ ಅನ್ನುತ್ತಿದ್ದಳು. ಹಟಮಾರಿ. ತಂಗಿ ಶುರು ಮಾಡಿದ್ದನ್ನು ತಾನು ಮಾಡುವುದೇ ಅಂತ ಅವಳಿಗೆ. ಅವಳ ಮನೆಯಲ್ಲಿ ಕಿತ್ತುಕೊಳ್ಳಲಿಕ್ಕೆ ಬೀಸುವ ಕಲ್ಲು ಒಂದೇ ಉಳಿದಿತ್ತು. ಆದರೂ ಮಧ್ಯಾಹ್ನ ತಂಗಿ ಮಲಗಿದಾಗ ಗೋಡೆಯ ಮೇಲಿಂದ ಬಗ್ಗಿ ಕೌದಿ ಎಲ್ಲಿಯ ತನಕ ಬಂತು ಎಂದು ನೋಡುವುದನ್ನು ನಾನು ಕಂಡಿದ್ದೇನೆ. ಅರ್ಧಕ್ಕೆ ಬಂದು ನಿಂತಿತ್ತು. ಅಲ್ಲಿಂದ ಮುಂದೆ ತಂಗಿ ಹೊಲಿಯುವಂತಿರಲಿಲ್ಲ. ಆ ಅರ್ಧ ಅಕ್ಕನದು. ತಂಗಿ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು, ಮತ್ತೆ ಬಿಚ್ಚುತ್ತಿದ್ದಳು. ದಿನ ತುಂಬುತ್ತಾ ಬಂದಿತ್ತು. ಅಕ್ಕನನ್ನು ಕರೆಯಬಾರದೇ ಎಂದು ನಾನು ಕೇಳಿದ್ದಕ್ಕೆ, ಬಾ ಅಂದು ಅವಳು ಬರದಿದ್ದರೆ ಆಮೇಲೆ ನಾನೇನು ಮಾಡಲಿ ಎಂದು ಕಣ್ಣೀರು ಹಾಕಿದಳು.

ಅತ್ತ ವಾಡೆಗಳಲ್ಲಿ ಗದ್ದಲ. ಊರಿಗೆ ಊರೇ ಕೈ ಬಿಡುವಿಲ್ಲ ಅಂದರೆ ಹಿರಿಯ ಯಾರು? ಧಣಿಗಳಿಬ್ಬರೂ ತಮ್ಮ ಜನ್ಮದಲ್ಲಿ ಮೊದಲ ಸಲ ಒಂದು ಮಾತಿಗೆ ಒಪ್ಪಿದರು. ಒಟ್ಟಿಗೆ ಡಂಗುರ ಹೊಡೆಸಿದರು. ನಾಳೆ ಬೆಳಿಗ್ಗೆ ಎಲ್ಲರೂ ಕೈ ಬಿಟ್ಟು ಉತ್ತರ ಕೊಡಬೇಕು. ಕೈ ಬಿಡುವುದಿಲ್ಲ ಎಂದು ಹಟ ಮಾಡಿದವರ ಕೈಯಲ್ಲಿರುವುದನ್ನು ಕಸಿದು ಸುಡಲಾಗುವುದು. ಡಂಗುರದವನು ಇದನ್ನು ಸಾರುತ್ತಾ ಬಂದಾಗ ಅವನ ದನಿ ಎಂದಿನಂತೆಯೇ ಇತ್ತು. ಸಾರುವುದು ಅವನ ಕಸುಬು.

ತಂಗಿಗೆ ನೋವು ಶುರುವಾದದ್ದು ಮಾರನೆಯ ಬೆಳಿಗ್ಗೆಯೇ. ಸೂಲಗಿತ್ತಿ ಬಂದು ಒಳಗೆ ಕೂತಳು. ಡಂಗುರದ ಹಿಂದೆ ಎರಡೂ ವಾಡೆಯ ಆಳುಗಳು ಕೆಂಡದ ಮಡಕೆ ಹೊತ್ತು ಬರುತ್ತಿದ್ದರು. ಅವರ ಮುಖ ಕಂಡರೆ ಸಾಕು, ಜನ ಕೈ ಬಿಡುತ್ತಿದ್ದರು. ಚಾಪೆಯವನು ಬಿಟ್ಟ, ಹುಣಸೆಯವಳು ಬಿಟ್ಟಳು, ಪಂಡಿತರು ಬಲೆಯನ್ನು ಮಂಡಿಯಡಿ ಮುಚ್ಚಿಟ್ಟರು. ನಾನೂ ಬತ್ತಿ ಕೆಳಗಿಟ್ಟೆ. ನನಗೆ ಭಯವಾಗಿತ್ತು. ಕೈ ಮತ್ತೆ ನಡುಗಲು ಶುರುವಾಗಿತ್ತು.

ತಂಗಿಯ ಮನೆಯೊಳಗಿಂದ ಒಂದು ಕೂಗು ಕೇಳಿಸಿತು. ಅವಳು ಕೌದಿಯನ್ನು ಎರಡು ಮುಷ್ಟಿಯಲ್ಲೂ ಹಿಡಿದುಕೊಂಡಿದ್ದಳು, ನೋವಿಗೆ ಹಿಡಿಯಲು ಇನ್ನೇನೂ ಇರಲಿಲ್ಲ, ಮಂಚ ಎಂದೋ ಹೋಗಿತ್ತು. ಅಕ್ಕ ಆಚೆ ಹೊಸ್ತಿಲಲ್ಲಿ ಕೈ ಒರೆಸಿಕೊಂಡು ನಿಂತಿದ್ದಳು. ಆ ಕೂಗು ಕೇಳಿ ಒಳಗೆ ತಿರುಗಿದಳು. ಕದವಿಲ್ಲದ ಮನೆ, ನನಗೆ ಎಲ್ಲವೂ ಕಾಣುತ್ತಿತ್ತು. ಸುತ್ತಿಬರುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಸೀರೆ ಮೇಲೆ ಕಟ್ಟಿ ಗೋಡೆ ಹತ್ತಿ ಆಚೆಗೆ ಧುಮುಕಿದಳು. ಕೌದಿಯ ಇನ್ನೊಂದು ತುದಿ ಹುಡುಕಿ, ತುಕ್ಕು ಹಿಡಿದ ಸೂಜಿಯನ್ನು ತಲೆಗೂದಲಿಗೆ ಉಜ್ಜಿ, ದಾರ ಹಲ್ಲಲ್ಲಿ ಕಚ್ಚಿ ಹೊಲಿಯಲು ಕೂತಳು. ಸೂಜಿ ಒಳಗೆ ಹೋಯಿತು, ಹೊರಗೆ ಬಂತು. ಒಳಗೆ ಹೋಯಿತು, ಹೊರಗೆ ಬಂತು.

ಡಂಗುರದವನು ಬಂದು ನಿಂತ. ಆಳುಗಳು ಅವನ ಬೆನ್ನ ಹಿಂದೆ ನಿಂತರು. ಒಳಗಿನವರು ಕೊಟ್ಟ ಉತ್ತರವನ್ನು ಅವನು ಕೂಗಿ ಹೇಳಬೇಕು, ಅವನು ಹೇಳಿದ ಮೇಲೆಯೇ ಅವರು ಒಳಗೆ ಕಾಲಿಡಬೇಕು, ಅದು ಕ್ರಮ.

‘ಕೈ ಬಿಡುತ್ತೀರೋ ಇಲ್ಲವೋ?’ ಎಂದು ಕೇಳಿದ.

ಅಕ್ಕ ತಲೆ ಎತ್ತಿದಳು. ನೋಡಿದ್ದು ಡಂಗುರದವನನ್ನಲ್ಲ, ತಂಗಿಯನ್ನು. ‘ಕೈ ಬಿಡುವುದಿಲ್ಲ’ ಅಂದಳು.

ತಂಗಿ ಗಟ್ಟಿಯಾಗಿ ಅತ್ತಳು. ನೋವಿಗೆ ಅಲ್ಲ ಎಂದು ನನಗೆ ಇಲ್ಲಿಂದಲೇ ಗೊತ್ತಾಯಿತು.

ಡಂಗುರದವನು ಅಕ್ಕನ ತುಟಿಯನ್ನೇ ನೋಡುತ್ತಿದ್ದ. ಹಲ್ಲಲ್ಲಿ ದಾರವಿತ್ತು, ತುಟಿ ಪೂರ್ತಿ ಆಡಿರಲಿಲ್ಲ. ಅವನು ಬೀದಿಯ ಕಡೆ ತಿರುಗಿ, ಡಂಗುರ ಬಡಿದು, ಇಡೀ ಕೇರಿಗೆ ಕೇಳುವ ಹಾಗೆ ಕೂಗಿದ.

‘ಕೈ ಬಿಡುವಿಲ್ಲ!’

ಆಳುಗಳು ಮುಖ ಮುಖ ನೋಡಿಕೊಂಡರು. ಸುಡಬೇಕಾದದ್ದು ಬಿಡುವುದಿಲ್ಲ ಅಂದವರದ್ದನ್ನು. ಬಿಡುವಿಲ್ಲ ಅಂದವರಿಗೆ ಹಿರೀಕರ ತೀರ್ಮಾನ ಇತ್ತು, ಅದನ್ನು ಧಣಿಗಳು ರದ್ದು ಮಾಡಿರಲಿಲ್ಲ. ಮಾಡಬೇಕೆಂದು ಅವರಿಗೆ ಹೊಳೆದಿರಲಿಲ್ಲ. ಕೆಂಡದ ಮಡಕೆ ಮುಂದೆ ಸಾಗಿತು. ಕೇರಿಯ ಉಳಿದ ಮನೆಗಳವರು ಅಕ್ಕನ ಉತ್ತರವನ್ನೇ, ಹಲ್ಲು ಕಚ್ಚಿಕೊಂಡು, ತುಟಿ ಅರ್ಧ ಆಡಿಸಿ ಹೇಳಿದರು. ಎಲ್ಲ ಮನೆಯ ಮುಂದೂ ಡಂಗುರದವನಿಗೆ ಒಂದೇ ಕೇಳಿಸಿತು. ನಾನು ಮೆಲ್ಲಗೆ ಬತ್ತಿ ಕೈಗೆತ್ತಿಕೊಂಡೆ.

ಮಗು ಹುಟ್ಟುವ ಹೊತ್ತಿಗೆ ಎರಡು ಕಡೆಯ ಹೊಲಿಗೆ ಕೂಡಿತು. ಸರಿಯಾಗಿ ಕೂಡಲಿಲ್ಲ. ಅವಸರಕ್ಕೆ ಅಕ್ಕನ ಸಾಲು ಒಂದಿಷ್ಟು ವಾರೆಯಾಗಿ, ಇಬ್ಬರ ಹೊಲಿಗೆಯೂ ಒಂದನ್ನೊಂದು ದಾಟಿ ಆಚೆಗೆ ಹೋಗಿತ್ತು. ಹೋಳಿಗೆ ಎಲ್ಲಿಂದ ತರುವುದು, ತಂಗಿಯ ಒಲೆಯ ಮೇಲಿದ್ದ ತಂಗಳು ರೊಟ್ಟಿಯ ಚೂರನ್ನು ಇಟ್ಟು ಬಾಯಿ ಮುಚ್ಚಿದರು. ಕೌದಿ ಅಷ್ಟಕ್ಕೇ ತೃಪ್ತಿಪಟ್ಟುಕೊಂಡಿತು. ಹೆಣ್ಣುಮಗು. ಗಟ್ಟಿಯಾಗಿ ಅತ್ತಿತು, ಹಾಲು ಕುಡಿಯಿತು, ನಿಂತಿತು.

ಸಂಜೆ ಡಂಗುರದವನನ್ನು ವಾಡೆಗೆ ಕರೆಸಿ ಧಣಿಗಳಿಬ್ಬರೂ ಒಟ್ಟಿಗೆ ಬೈದರು. ನಿನಗೆ ಕಿವಿ ಇಲ್ಲ, ಕಿವಿ ಇಲ್ಲದವನಿಗೆ ಡಂಗುರ ಯಾಕೆ ಎಂದು ಡಂಗುರವನ್ನೂ ಕೋಲನ್ನೂ ಕಸಿದುಕೊಂಡು, ಕಿವಿ ಚೆನ್ನಾಗಿದ್ದ ಬೇರೊಬ್ಬನಿಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಹಳೆಯ ಡಂಗುರದವನು ನಮ್ಮ ಕೇರಿಯಲ್ಲಿ ಬಂದು ನಿಂತಿದ್ದ. ಕಾಲಿಗೆ ಅಭ್ಯಾಸ, ಬಂದುಬಿಟ್ಟಿತ್ತು. ಅವನ ಕೈಗಳನ್ನು ಖಾಲಿಯಾಗಿ ನಾವು ನೋಡಿದ್ದು ಅದೇ ಮೊದಲು. ಅವನಿಗೂ ಅದೇ ಮೊದಲು. ಎಲ್ಲಿಡಬೇಕು ಎಂದು ತಿಳಿಯದೆ ಒಮ್ಮೆ ಹಿಂದಕ್ಕೆ ಕಟ್ಟಿದ, ಒಮ್ಮೆ ಮುಂದಕ್ಕೆ. ಇಡೀ ಊರನ್ನು ಕೇಳುತ್ತಾ ಬಂದವನನ್ನು ಇಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಒಂದು ಕೈಯಲ್ಲಿ ಡಂಗುರ, ಒಂದು ಕೈಯಲ್ಲಿ ಕೋಲು, ಹೇಗೆ ಕೇಳುವುದು? ಈಗ ಕೇಳಬಹುದಾಗಿತ್ತು. ಬೀದಿಯ ತುದಿಯಲ್ಲಿ ಹೊಸಬನ ಡಂಗುರ ಕೇಳಿಸಿತು, ಅಂದರೆ ನಮಗೆ ಕೇಳಿಸಿತು. ಅವನಿಗೆ ನಮ್ಮ ಮುಖ ನೋಡಿ ತಿಳಿಯಿತು. ಅವನ ಕೈ ನಡುಗಿತು. ಅಯ್ಯೋ ಅನ್ನಿಸಿತು ನನಗೆ. ಅಂಗೈಗಳನ್ನು ಪಂಚೆಗೆ ಒರೆಸಿಕೊಳ್ಳತೊಡಗಿದ, ನಮ್ಮೂರಿನವನೇ ಅಲ್ಲವೇ.

ಅಕ್ಕ ಕೌದಿಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು.

‘ಅಣ್ಣಾ, ಒಲೆಯ ಮೇಲೆ ನೀರಿಟ್ಟಿದ್ದೇನೆ. ಒಂದು ಗಳಿಗೆ ಇದನ್ನು ಹಿಡಿದಿರು’ ಎಂದು ಅವನ ಮುಖಕ್ಕೆ ಕಾಣುವ ಹಾಗೆ ಹೇಳಿ, ಮಗುವನ್ನು ಅವನ ಎರಡು ಕೈಯ ಮೇಲಿಟ್ಟು ಒಳಗೆ ಹೋದಳು. ಬೇಗ ಹೊರಗೆ ಬರಲಿಲ್ಲ.

ಹೊಸ ಡಂಗುರದವನು ಬಂದು, ಡಂಗುರ ಬಡಿದು, ಕೈ ಬಿಡುತ್ತೀಯೋ ಇಲ್ಲವೋ ಎಂದು ಕೇಳಿದ. ಹಳಬ ಮಗುವಿನ ಮುಖದಿಂದ ಕಣ್ಣು ತೆಗೆಯದೆ ಏನೋ ಅಂದ. ಹೊಸಬ ಮತ್ತೊಮ್ಮೆ ಕೇಳಲಿಲ್ಲ, ಮುಂದೆ ಹೋದ.

ಬಿಡುವಿಲ್ಲ ಅಂದನೋ, ಬಿಡುವುದಿಲ್ಲ ಅಂದನೋ, ಈ ವಿಷಯದಲ್ಲಿ ನಮ್ಮೂರಿನಲ್ಲಿ ಈಗಲೂ ಎರಡು ಕಡೆ ಇವೆ. ಎದುರಿಗೇ ಕೂತಿದ್ದವನು ನೀನು, ನೀನೇ ಹೇಳು ಎಂದು ಎರಡೂ ಕಡೆಯವರು ನನ್ನ ಹತ್ತಿರ ಬರುತ್ತಾರೆ. ಬರುವುದು ಕಂಡರೆ ನಾನು ಹತ್ತಿ ಎತ್ತಿಕೊಂಡು ಬತ್ತಿ ಹೊಸೆಯಲು ಕೂರುತ್ತೇನೆ.